ನೀರಿಗೆ ಬಿಟ್ಟ ರಾಜಕುಮಾರ

ನನಗೊಂದು ಕೆಟ್ಟ ಚಾಳಿಯಿದೆ. ಯಾರ ಮನೆಗೆ ಹೋದರೂ ಗೋಡೆಯ ಮೇಲಿನ ಫೋಟೋವನ್ನು ಮೆಲ್ಲಗೆ ಎತ್ತಿ ಅದರ ಹಿಂಭಾಗ ಹೇಗಿದೆ ಎಂದು ನೋಡುತ್ತೇನೆ. ಮುಂಭಾಗವನ್ನು ಮನೆಯವರೇ ಕೈಹಿಡಿದು ತೋರಿಸುತ್ತಾರೆ. ಇದು ಹವಾಯಿ, ಇದು ಮಗಳ ರಂಗಪ್ರವೇಶ, ಇದು ನಮ್ಮ ಮಾವನವರ ಷಷ್ಟ್ಯಬ್ದಿ ಎಂದು ವಿವರಣೆ ಕೊಡುತ್ತಾರೆ. ಹಿಂಭಾಗವನ್ನು ಯಾರೂ ತೋರಿಸುವುದಿಲ್ಲ. ರಟ್ಟು ಹಾಕಿದ್ದಾರೋ ಹಲಗೆಯೋ, ಕಂದು ಕಾಗದದ ಅಂಚು ಎದ್ದಿದೆಯೋ ಕೂತಿದೆಯೋ, ಮೊಳೆ ಓರೆಯಾಗಿದೆಯೋ ಎಂದು ನೋಡಿದರೆ ಮಾತ್ರ ನನಗೆ ಆ ಮನೆಗೆ ಹೋಗಿಬಂದ ತೃಪ್ತಿ.

ಹೋದ ತಿಂಗಳು ವುಡಿನ್‌ವಿಲ್‌ನಲ್ಲಿ ನನ್ನ ಗಂಡ ಸುಧಿಯ ಸಹೋದ್ಯೋಗಿಯ ಗೃಹಪ್ರವೇಶ. ಹಾಲ್‌ನಲ್ಲಿ ಚಿನ್ನದ ರೇಕಿನ ದೊಡ್ಡ ಲಕ್ಷ್ಮಿ ಪಟ. ಎಲ್ಲರೂ ಬಿಸಿಬೇಳೆಬಾತಿಗೆ ಸಾಲು ನಿಂತಾಗ ನಾನು ಪಟವನ್ನು ಒಂದಿಷ್ಟು ಎತ್ತಿದೆ. ಹೊಸ ಗೋಡೆಗೆ ಮೊಳೆ ಹೊಡೆಯಲು ಮನಸ್ಸು ಬಾರದೆ ಅಂಟಿನ ಕೊಕ್ಕೆ ಹಾಕಿದ್ದರು. ಅದು ಕಿತ್ತು ಬಂತು. ಸಾಕ್ಷಾತ್ ಲಕ್ಷ್ಮಿಯನ್ನು ಎರಡೂ ಕೈಯಲ್ಲಿ ಅಪ್ಪಿಕೊಂಡು ನಿಂತಿದ್ದಾಗ ಮನೆಯಾಕೆ ಬಂದರು.

"ಏನಾದ್ರೂ ಬಿದ್ದೋಯ್ತಾ ಪದ್ಮಾ? ಹುಡುಕ್ತಾ ಇದೀರಾ?"

ಬರುವಾಗ ಕಾರಿನಲ್ಲಿ ಸುಧಿ, "ಇನ್ಮೇಲೆ ಯಾರ ಮನೆಗೆ ಹೋದ್ರೂ ಕೈ ಕಟ್ಕೊಂಡು ಕೂತ್ಕೋ ಮಾರಾಯ್ತಿ" ಎಂದ. ಹಿಂದಿನ ಸೀಟಿನಿಂದ ಮಗಳು ತಾರಾ, "ಅಮ್ಮಾ, ಇಟ್ ವಾಸ್ ಸೋ ಎಂಬರಾಸಿಂಗ್" ಎಂದಳು. ನನಗೆ ಇಬ್ಬರ ಮೇಲೂ ಸಿಟ್ಟು ಬರಲಿಲ್ಲ. ಪಟಗಳಿಗೆ ಕಟ್ಟು ಹಾಕುವವರ ಮಗಳು ನಾನು. ಹಿಂಭಾಗದಲ್ಲಿ ಏನಿದೆ ಎಂಬುದರ ಮೇಲೆ ನಮ್ಮ ಮನೆಯ ಹಣೆಬರಹ ನಿರ್ಧಾರವಾಗಿದೆ. ಆ ಕಥೆಯನ್ನು ಹೇಳಬೇಕೆಂದರೆ ನಾನು ಒಬ್ಬ ರಾಜಕುಮಾರನ ವಿಷಯದಿಂದ ಶುರುಮಾಡಬೇಕು. ನಗಬೇಡಿ, ನಿಜವಾದ ರಾಜಕುಮಾರ.

ನಾನು ಹುಟ್ಟಿ ಬೆಳೆದದ್ದು ಕೊಲ್ಲಿಯ ದಡದ ಒಂದು ಪುಟ್ಟ ಅರಬ್ ದೇಶದಲ್ಲಿ. ಅದರ ಹೆಸರು ಬೇಡ. ನಕ್ಷೆಯಲ್ಲಿ ಅದರ ಹೆಸರು ಬರೆಯಲು ನೆಲದ ಮೇಲೆ ಜಾಗ ಸಾಲದೆ ಸಮುದ್ರದಲ್ಲಿ ಬರೆದಿರುತ್ತಾರೆ, ಅಷ್ಟು ಹೇಳಿದರೆ ಸಾಕು. ಅಪ್ಪ ನಂಜನಗೂಡಿನಲ್ಲಿ ದೇವರ ಪಟಗಳಿಗೆ ಕಟ್ಟು ಹಾಕುತ್ತಿದ್ದವರು. ಯಾರೋ ಪರಿಚಯದವರ ಮಾತು ಕೇಳಿ ಅಲ್ಲಿಗೆ ಹೋಗಿ, ಮೀನು ಮಾರುಕಟ್ಟೆಯ ಹಿಂದೆ ಅಂಗಡಿ ಇಟ್ಟರು. ಪುಟ್ಟಸ್ವಾಮಿ ಎಂಬ ಹೆಸರು ಅಲ್ಲಿನವರ ಬಾಯಲ್ಲಿ ಸ್ವಾಮಿ ಆಯಿತು. ನಂಜನಗೂಡಿನಲ್ಲಿ ನಂಜುಂಡೇಶ್ವರನಿಗೆ ಹಾಕುತ್ತಿದ್ದ ಕಟ್ಟನ್ನು ಇಲ್ಲಿ ದೊರೆಗೆ ಹಾಕಿದರು, ಅಷ್ಟೇ ವ್ಯತ್ಯಾಸ. ಆ ದೇಶದಲ್ಲಿ ಬ್ಯಾಂಕಿನಿಂದ ಹಿಡಿದು ಪಂಕ್ಚರ್ ಅಂಗಡಿಯವರೆಗೆ ಎಲ್ಲ ಕಡೆ ಮೂರು ಪಟಗಳು ಇರಲೇಬೇಕು. ನಡುವೆ ದೊರೆ. ಅವನ ಬಲಕ್ಕೆ ಮುಂದೆ ಪಟ್ಟಕ್ಕೆ ಬರುವ ಎರಡನೆಯ ಮಗ. ಎಡಕ್ಕೆ, ತೀರಿಹೋದ ಹಿರಿಯ ಮಗನ ಒಬ್ಬನೇ ಮಗ, ಅಂದರೆ ದೊರೆಯ ಮೊಮ್ಮಗ. ಅವನೇ ನಮ್ಮ ರಾಜಕುಮಾರ. ದೊರೆ ಉಳಿದಿಬ್ಬರಿಗಿಂತ ನಾಲ್ಕು ಬೆರಳು ಮೇಲಿರಬೇಕು. ಅಪ್ಪ ಆ ನಾಲ್ಕು ಬೆರಳನ್ನು ತಮ್ಮ ಕೈಯಿಂದಲೇ ಅಳೆಯುತ್ತಿದ್ದರು. ಆ ಊರಿನ ಎಷ್ಟೋ ಗೋಡೆಗಳ ಮೇಲೆ ರಾಜಮರ್ಯಾದೆಯ ಅಳತೆ ಅಪ್ಪನ ಬೆರಳಿನದೇ.

ರಾಜಕುಮಾರ ನನಗಿಂತ ನಾಲ್ಕು ತಿಂಗಳು ಚಿಕ್ಕವನು. ಅವನು ಹುಟ್ಟಿದಾಗ ತೋಪು ಹಾರಿಸಿದರಂತೆ. ಆ ಸದ್ದಿಗೆ ನಾನು ಎರಡು ದಿನ ನಿದ್ದೆಯಿಲ್ಲದೆ ರಚ್ಚೆ ಹಿಡಿದಿದ್ದೆ ಎಂದು ಅಮ್ಮ ಬದುಕಿರುವವರೆಗೂ ಹೇಳುತ್ತಿದ್ದಳು. ದೊರೆ ಬಟ್ಟೆಯಲ್ಲಿ ಸುತ್ತಿದ ಕೂಸನ್ನು ಎತ್ತಿಕೊಂಡ ಪಟವೇ ಅಪ್ಪನ ಅಂಗಡಿಯ ಮೊದಲ ದೊಡ್ಡ ಕೆಲಸ. ಹಾಗಾಗಿ ಅಪ್ಪನಿಗೆ ಅವನು ರಾಜಕುಮಾರ ಆಗಲೇ ಇಲ್ಲ. ನಮ್ಮ ಕಡೆ ಹುಡುಗನನ್ನು ಕರೆಯುವಂತೆ 'ಹೈದ' ಎನ್ನುತ್ತಿದ್ದರು. ಹೈದನಿಗೆ ಹಲ್ಲು ಬಂತು, ಹೈದ ಕುದುರೆ ಹತ್ತಿದ, ಹೈದನ ಮೀಸೆ ಚಿಗುರಿತು. ಹೊಸ ಪಟ ಬಂದಾಗಲೆಲ್ಲ ಅಪ್ಪ ಅದನ್ನು ಬೆಳಕಿಗೆ ಹಿಡಿದು ವರದಿ ಒಪ್ಪಿಸುವರು. ನನ್ನ ಎತ್ತರವನ್ನು ಬಾಗಿಲಿಗೆ ಗೆರೆ ಎಳೆದು ಅಳೆದವರಲ್ಲ. ಅವನ ಬೆಳವಣಿಗೆ ಮಾತ್ರ ಅವರಿಗೆ ಬಾಯಿಪಾಠವಾಗಿತ್ತು. ನನಗೆ ಸ್ವಲ್ಪ ಹೊಟ್ಟೆಕಿಚ್ಚೂ ಇತ್ತು.

ಏಳು ವರ್ಷದವನಿದ್ದಾಗ ಅವನು ನಮ್ಮ ಇಂಡಿಯನ್ ಸ್ಕೂಲಿನ ವಾರ್ಷಿಕೋತ್ಸವಕ್ಕೆ ಬಂದ. ಮೈತುಂಬ ಪದಕಗಳಿದ್ದ ಪುಟ್ಟ ಮಿಲಿಟರಿ ಅಂಗಿ. ಅವನಿಗೆ ಯಾವ ಯುದ್ಧಕ್ಕೆ ಅವನ್ನು ಕೊಟ್ಟಿದ್ದರೋ ಗೊತ್ತಿಲ್ಲ. ಕಾಲು ನೆಲಕ್ಕೆ ಎಟಕದ ಕುರ್ಚಿಯಲ್ಲಿ ಕೂತು, ನಮ್ಮ ಸ್ವಾಗತ ನೃತ್ಯ ಶುರುವಾಗುವ ಹೊತ್ತಿಗೆ ನಿದ್ದೆ ಹೋದ. ನಾನು ಮೊದಲ ಸಾಲಿನ ಚಿಟ್ಟೆ. ಹಿಂದೆ ನಿಂತಿದ್ದ ಗಡ್ಡದವನು ಬಗ್ಗಿ ಅವನ ತೊಡೆ ಚಿವುಟಿದ್ದನ್ನು ನಾನು ನೋಡಿದೆ. ಹುಡುಗ ಬೆಚ್ಚಿ ಕಣ್ಣುಬಿಟ್ಟು, ನೇರ ನನ್ನ ಮುಖಕ್ಕೆ ಆಕಳಿಸಿ, ಚಪ್ಪಾಳೆ ತಟ್ಟತೊಡಗಿದ. ರಾಜಮನೆತನದವರೊಬ್ಬರು ನನ್ನ ಕಲೆಯನ್ನು ಗುರುತಿಸಿದ್ದು ಅದೊಂದೇ ಸಲ. ಅವನ ಕಣ್ಣಲ್ಲಿ ನೀರಿತ್ತು. ಚಿವುಟಿದ್ದು ಜೋರಾಗಿಯೇ ಇದ್ದಿರಬೇಕು.

ಅವನಿಗೆ ಹನ್ನೆರಡಾದಾಗ ಅವನ ಅಪ್ಪ ಹೆಲಿಕಾಪ್ಟರ್ ಬಿದ್ದು ಸತ್ತ. ನನ್ನಮ್ಮ ನಾನು ಪಿಯುಸಿಯಲ್ಲಿದ್ದಾಗ ಕಾಮಾಲೆಗೆ ಸತ್ತಳು. ಅವನನ್ನು ಯಾವುದೋ ತಂಪು ದೇಶದ ಮಿಲಿಟರಿ ಶಾಲೆಗೆ ಕಳಿಸಿದರು, ನನ್ನನ್ನು ಮೈಸೂರಿನ ಎಂಜಿನಿಯರಿಂಗ್ ಕಾಲೇಜಿಗೆ. ಇಬ್ಬರೂ ಹೆಚ್ಚುಕಡಿಮೆ ಒಂದೇ ಹೊತ್ತಿಗೆ ವಾಪಸ್ಸಾದೆವು. ಅವನನ್ನು ಕ್ರೀಡೆ ಮತ್ತು ಯುವಜನ ಖಾತೆಯ ಮಂತ್ರಿ ಮಾಡಿದರು. ನಾನು ಅಪ್ಪನ ಅಂಗಡಿಯ ಕಂಪ್ಯೂಟರಿನ ಮುಂದೆ ಕೂತು ಅವನ ಮೊಡವೆ ಅಳಿಸುವ ಖಾತೆ ವಹಿಸಿಕೊಂಡೆ. ತಮಾಷೆಯಲ್ಲ, ಅಧಿಕೃತ ಭಾವಚಿತ್ರದಲ್ಲಿ ಅವನ ಗದ್ದದ ಮೇಲೆ ಮೂರು ಮೊಡವೆಗಳಿದ್ದವು. ನಾಲ್ಕು ವರ್ಷ ಓದಿದ ಎಂಜಿನಿಯರಿಂಗ್ ಆ ಮೂರು ಮೊಡವೆಗಳಿಗೆ ಖರ್ಚಾಯಿತು. ಜೊತೆಗೆ ಇನ್ನೊಂದು ಜಾಣತನವನ್ನೂ ಮಾಡಿದೆ. ಆ ಊರಿನ ಗಾಳಿಯಲ್ಲಿ ಉಪ್ಪು ಮತ್ತು ತೇವ. ವರ್ಷ ತುಂಬುವುದರೊಳಗೆ ಪಟಕ್ಕೆ ಬೂಷ್ಟು ಹಿಡಿಯುತ್ತಿತ್ತು. "ಲ್ಯಾಮಿನೇಟ್ ಮಾಡಿ ಆಮೇಲೆ ಕಟ್ಟು ಹಾಕೋಣಪ್ಪ" ಎಂದೆ. ಅಪ್ಪನಿಗೆ ಹೆಮ್ಮೆಯೋ ಹೆಮ್ಮೆ. ಪ್ರತಿ ಪಟದ ಹಿಂದೆ ಅಂಗಡಿಯ ಮೊಹರು ಒತ್ತಿ, ಫೋನ್ ನಂಬರು ಸಮೇತ, ಆಮೇಲೆ ಲ್ಯಾಮಿನೇಟ್ ಮಾಡಿಸುತ್ತಿದ್ದರು.

ಆ ಪಟಗಳನ್ನು ಊರೆಲ್ಲ ಹಂಚುತ್ತಿದ್ದವರು ಮೂಸಾ ಚಾಚಾ. ಅಪ್ಪನ ವಯಸ್ಸಿನವರು, ಕೆಂಪು ಪಿಕಪ್ ಗಾಡಿ ಓಡಿಸುತ್ತಿದ್ದರು. ಹುಟ್ಟಿದ್ದು ಅದೇ ಊರಿನಲ್ಲಿ, ಅವರಪ್ಪ ಹುಟ್ಟಿದ್ದೂ ಅಲ್ಲೇ. ಆದರೆ ಅವರಿಗೆ ಯಾವ ದೇಶದ ಪೌರತ್ವದ ಕಾಗದವೂ ಇರಲಿಲ್ಲ. ಅಂಥವರು ಆ ದೇಶದಲ್ಲಿ ಸಾವಿರಾರು ಜನ. ಹೊರಗಿನಿಂದ ಬಂದ ನಮ್ಮ ಬಳಿ ಪಾಸ್‌ಪೋರ್ಟ್ ಇತ್ತು, ಒಳಗೇ ಹುಟ್ಟಿದ ಅವರ ಬಳಿ ಇರಲಿಲ್ಲ. ಚಾಚಾ ಬಂದರೆ ಅಂಗಡಿಯಲ್ಲಿ ಎರಡು ಲೋಟ ಕಾಫಿ ಹೆಚ್ಚಿಗೆ ಆಗುತ್ತಿತ್ತು. ಅಪ್ಪನ ಹಿಂದಿಯೂ ಅವರ ಹಿಂದಿಯೂ ಒಂದಕ್ಕಿಂತ ಒಂದು ಕುಂಟು. ಅದರಲ್ಲೇ ಗಂಟೆಗಟ್ಟಲೆ ಹರಟುತ್ತಿದ್ದರು.

ಒಂದು ದಿನ ರಾಜಕುಮಾರ ಟೀವಿಯಲ್ಲಿ, ಎದುರಿಗಿದ್ದ ಕಾಗದವನ್ನು ಪಕ್ಕಕ್ಕಿಟ್ಟು, ಇಲ್ಲಿ ಹುಟ್ಟಿದವರಿಗೆ ಇಲ್ಲಿಯ ಕಾಗದ ಸಿಗಬೇಕು ಎಂದುಬಿಟ್ಟ. ಒಂದೇ ವಾಕ್ಯ. ಚಾಚಾ ಮಾರನೆಯ ದಿನವೇ ಅಂಗಡಿಗೆ ಬಂದು ಒಂದು ಚಿಕ್ಕ ಪಟ ಕೇಳಿ ಪಡೆದು ಗಾಡಿಯ ಸ್ಟಿಯರಿಂಗ್ ಪಕ್ಕ ಅಂಟಿಸಿಕೊಂಡರು. "ಸ್ವಾಮಿ, ನನಗೆ ಕಾಗದ ಬಂದ ದಿನ ನಿನ್ನೂರು ನೋಡ್ಲಿಕ್ಕೆ ಬರ್ತೀನಿ. ವಿಮಾನದಲ್ಲಿ" ಎಂದರು. ಅಪ್ಪ ಅವತ್ತು ಕಾಫಿಗೆ ಎರಡು ಚಮಚ ಸಕ್ಕರೆ ಹೆಚ್ಚು ಹಾಕಿದರು.

ಆ ಚಳಿಗಾಲದಲ್ಲಿ ಮುದಿ ದೊರೆ ತೀರಿಕೊಂಡ. ಚಿಕ್ಕಪ್ಪ ಪಟ್ಟಕ್ಕೆ ಬಂದ. ಮೂರು ತಿಂಗಳು ಕಳೆಯುವುದರೊಳಗೆ ರಾಜಕುಮಾರ ಸುದ್ದಿಯಲ್ಲಿ ಕಾಣದಾದ. ಮೊದಲು ವಿಶ್ರಾಂತಿಯಲ್ಲಿದ್ದಾನೆ ಎಂದರು, ಆಮೇಲೆ ಅದನ್ನೂ ಹೇಳಲಿಲ್ಲ. ಎಡಗಡೆಯ ಪಟದ ಜಾಗಕ್ಕೆ ಹೊಸ ದೊರೆಯ ಮಗ ಬಂದ, ದಪ್ಪ ಕೆನ್ನೆಯವನು. ಹಳೆಯದನ್ನು ತೆಗೆಯಿರಿ ಎಂದು ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಆದರೂ ಒಂದೇ ವಾರದಲ್ಲಿ ಇಡೀ ಊರು ಕಟ್ಟಿನ ಸಮೇತ ನಮ್ಮ ಅಂಗಡಿಗೆ ಬಂತು. ಎಲ್ಲರಿಗೂ ಅದೇ ಕಟ್ಟಿಗೆ ಹೊಸ ಮುಖ ಬೇಕಿತ್ತು. ಹಳೆಯ ಮುಖ ಯಾರಿಗೂ ಬೇಡ. ಮನೆಗೆ ಒಯ್ಯಲು ಭಯ, ಕಸಕ್ಕೆ ಹಾಕಲು ಇನ್ನೂ ಭಯ. ಯಾರೋ ಮೀನಿನವನು ದೊರೆಯ ಚಿತ್ರವಿದ್ದ ಪತ್ರಿಕೆಯಲ್ಲಿ ಮೀನು ಕಟ್ಟಿಕೊಟ್ಟು ಜೈಲಿಗೆ ಹೋದ ಸುದ್ದಿಯಿತ್ತು. ಎಲ್ಲರೂ ಪಟವನ್ನು ಅಪ್ಪನ ಮೇಜಿನ ಮೇಲಿಟ್ಟು, ಮುಖ ನೋಡದೆ ಹೋದರು. ಮುನ್ನೂರಕ್ಕೂ ಹೆಚ್ಚು ರಾಜಕುಮಾರರು ನಮ್ಮ ಅಟ್ಟದ ಮೇಲೆ ಪೇರಿಕೊಂಡರು, ಎಲ್ಲರೂ ಮೊಡವೆಯಿಲ್ಲದವರು.

"ಹರ್ದಾಕಿ ಚೀಲಕ್ಕೆ ತುಂಬೋಣಪ್ಪ" ಎಂದೆ.

"ಮೊಕ ಇರೋದ ಹರೀಬಾರ್ದು ಕಣಮ್ಮಿ."

"ಸುಟ್ಟಾಕೋಣ."

"ಬದುಕಿರೋ ಹೈದನ ಮೊಕ ಸುಡಾದಾ? ಏನ್ ಮಾತಾಡೀಯೆ ನೀನು?"

ನಮ್ಮ ಕಡೆ ಗಾಜು ಒಡೆದ, ಬಣ್ಣ ಹೋದ ದೇವರ ಪಟಗಳನ್ನು ಏನು ಮಾಡುತ್ತಾರೆ ನಿಮಗೆ ಗೊತ್ತಿದೆ. ಅರಳಿಕಟ್ಟೆಯ ಮೇಲಿಟ್ಟು ಬರುತ್ತಾರೆ, ಇಲ್ಲವೆ ಹೊಳೆಗೆ ಬಿಡುತ್ತಾರೆ. ಆ ಊರಲ್ಲಿ ಅರಳಿಮರ ಇರಲಿಲ್ಲ. ಕಪಿಲಾ ಹೊಳೆಯೂ ಇರಲಿಲ್ಲ. ಸಮುದ್ರ ಇತ್ತು. ಅಪ್ಪ ಒಂದು ರಾತ್ರಿಯೂ ಹೆಚ್ಚಿಗೆ ಯೋಚಿಸಲಿಲ್ಲ, ಅವರಿಗೆ ಅದರಲ್ಲಿ ಯೋಚಿಸುವಂಥದ್ದೇನೂ ಕಾಣಲಿಲ್ಲ. ಶುಕ್ರವಾರ ಮಧ್ಯಾಹ್ನದ ನಮಾಜು ಮುಗಿದು ಊರೆಲ್ಲ ಉಂಡು ಮಲಗುವ ಹೊತ್ತಿಗೆ ಚಾಚಾನ ಪಿಕಪ್ ತುಂಬ ಪಟ ಹೇರಿಕೊಂಡು, ಮೇಲೆ ಟಾರ್ಪಾಲು ಹೊದೆಸಿ, ಹಳೆಯ ದೋಣಿಕಟ್ಟೆಗೆ ಹೋದೆವು. ನೆತ್ತಿ ಸುಡುವ ಬಿಸಿಲು. ಒಂದು ನರಪಿಳ್ಳೆಯೂ ಇರಲಿಲ್ಲ.

"ಕಲ್ಲು ಕಟ್ಟಿ ಬಿಡೋದು ಒಳ್ಳೇದಲ್ವಾ?" ಎಂದು ಚಾಚಾ ಕೇಳಿದರು.

ಅಪ್ಪ ನನ್ನ ಕಡೆ ತಿರುಗಿ, "ಹೈದನ ಕುತ್ಗೆಗೆ ಕಲ್ಲು ಕಟ್ಬೇಕಂತೆ, ಕೇಳ್ದಾ? ಬುಡ್ತು ಅನ್ನು ಅಂತ ಹೇಳಮ್ಮಿ ಅವ್ನಿಗೆ" ಎಂದರು. ನಾನು ಅದನ್ನು ಹಿಂದಿಗೆ ತರಲು ಒದ್ದಾಡಿ ಸೋತೆ. ಚಾಚಾ ನಕ್ಕರು. ಒಂದೊಂದೇ ಪಟವನ್ನು ಮೂವರೂ ನೀರಿಗೆ ಬಿಟ್ಟೆವು. ಅಪ್ಪ ಪ್ರತಿಯೊಂದನ್ನೂ ಬಿಡುವ ಮೊದಲು ಕಣ್ಣಿಗೆ ಒತ್ತಿಕೊಂಡರು. ಗಾಡಿಯೊಳಗೆ ಅಂಟಿಸಿದ್ದ ಚಿಕ್ಕ ಪಟವನ್ನು ಮಾತ್ರ ಚಾಚಾ ಕೊಡಲಿಲ್ಲ. ನಾವು ಕೇಳಲೂ ಇಲ್ಲ.

ಹೊಳೆಗೆ ಬಿಟ್ಟದ್ದು ಕರಗಬೇಕು, ಪದ್ಧತಿ ಇರುವುದೇ ಹಾಗೆ. ಕರಗದ ಹಾಗೆ ಮಾಡಿದವಳು ನಾನು. ಶನಿವಾರ ಬೆಳಿಗ್ಗೆ ಉಬ್ಬರ ಬಂದಾಗ, ಜನ ವಾಕಿಂಗ್ ಮಾಡುವ ದೊಡ್ಡ ಬೀಚಿನ ಉದ್ದಕ್ಕೂ ಮುನ್ನೂರು ರಾಜಕುಮಾರರು ಬಂದು ಮರಳಲ್ಲಿ ಮಲಗಿದ್ದರು, ನಗುತ್ತಾ, ಒದ್ದೆಯೂ ಆಗದೆ. ಊರಿಗೆ ಊರೇ ನೋಡಲು ಬಂತು. ಗೋಡೆಗಳಿಂದ ಇಳಿದ ಮೇಲೆ ಆ ಮುಖವನ್ನು ಯಾರೂ ಕಂಡಿರಲಿಲ್ಲ. ಕೆಲವರು ಒಂದೊಂದು ಎತ್ತಿ ಎದೆಗೆ ಒತ್ತಿಕೊಂಡರಂತೆ. ಒಬ್ಬ ಮುದುಕಿ ಎರಡು ಪಟ ಹಿಡಿದು ಎದೆ ಬಡಿದುಕೊಂಡು ಅಳುವ ವೀಡಿಯೋ ಎಲ್ಲರ ಫೋನಿಗೂ ಬಂತು. ಮಧ್ಯಾಹ್ನದ ಹೊತ್ತಿಗೆ ಯಾರೋ ಅವನ ಹೆಸರು ಕೂಗಿದರು, ಸಂಜೆಗೆ ನೂರಾರು ಜನ ಕೂಗಿದರು. ಸರ್ಕಾರದ ಕಣ್ಣಿಗೆ ಅದು ದಂಗೆಯಾಗಿ ಕಂಡಿತು. ಕಂಡದ್ದರಲ್ಲಿ ತಪ್ಪೇನಿದೆ? ನಂಜನಗೂಡಿನ ಪದ್ಧತಿ ಅವರಿಗೆ ಹೇಗೆ ಗೊತ್ತಿರಬೇಕು?

ಭಾನುವಾರ ಪೊಲೀಸರು ಬಂದರು. ಒಂದು ಪಟವನ್ನು ಮೇಜಿನ ಮೇಲಿಟ್ಟು ಮಗುಚಿದರು. ಹಿಂಭಾಗದಲ್ಲಿ ಅಂಗಡಿಯ ಮೊಹರು, ಫೋನ್ ನಂಬರು ಸಮೇತ, ಒಂದಕ್ಷರ ಅಳಿಸಿರಲಿಲ್ಲ. ಅಪ್ಪ ಅದನ್ನು ನೋಡಿ, "ಲ್ಯಾಮಿನೇಸನ್ನು ಬೋ ಪಸಂದಾಗದೆ ಕಣಮ್ಮಿ" ಎಂದರು. ಅದು ತಮಾಷೆಗೆ ಹೇಳಿದ್ದೋ ಭಯಕ್ಕೆ ಹೇಳಿದ್ದೋ ನನಗೆ ಇವತ್ತಿಗೂ ತಿಳಿಯದು. ಅವರನ್ನು ಕರೆದುಕೊಂಡು ಹೋದರು.

ನಾಲ್ಕು ದಿನ ಸುದ್ದಿಯಿಲ್ಲ. ಗುರುವಾರ ನನ್ನನ್ನು ಕರೆಸಿದರು. ನೀವು ನಿರೀಕ್ಷಿಸುವಂಥ ಕತ್ತಲೆ ಕೋಣೆಯಲ್ಲ ಅದು. ಕಿಟಕಿಯಿದ್ದ, ಸೋಫಾ ಇದ್ದ ಆಫೀಸು. ಅಧಿಕಾರಿ ಎದ್ದು ನಿಂತು ಕೂರಲು ಹೇಳಿದ, ಏಲಕ್ಕಿ ಚಹಾ ತರಿಸಿದ. "ನಿಮ್ಮಪ್ಪ ಒಳ್ಳೆಯ ಮನುಷ್ಯ. ಎಲ್ಲಾ ಪಟಗಳನ್ನೂ ಒಬ್ಬನೇ ತಲೆ ಮೇಲೆ ಹೊತ್ತುಕೊಂಡು ಹೋದೆ ಅಂತ ಹೇಳ್ತಿದ್ದಾರೆ. ಮೊಣಕಾಲು ಬಾತಿದೆ, ಮೆಟ್ಟಿಲು ಹತ್ತೋಕೆ ಆಗೋಲ್ಲ, ಮುನ್ನೂರು ಪಟ ಹೊತ್ತರಂತೆ. ನಮಗೆ ಗಾಡಿ ಯಾರದ್ದು ಅಂತ ಗೊತ್ತಾದ್ರೆ ಸಾಕು. ಆಮೇಲೆ ಅವರು ಮನೆಗೆ ಹೋಗಬಹುದು" ಎಂದ. ಹೊಡೆಯಲಿಲ್ಲ, ಬೈಯಲಿಲ್ಲ. ನಾನು ಚಹಾವನ್ನೂ ಪೂರ್ತಿ ಕುಡಿದಿರಲಿಲ್ಲ.

"ಮೂಸಾ" ಎಂದೆ. ಚಾಚಾ ಎಂಬುದನ್ನೂ ಬಿಟ್ಟಿದ್ದೆ.

"ಯಾವ ಮೂಸಾ?"

"ಪಿಕಪ್ ಮೂಸಾ. ಮೀನು ಮಾರ್ಕೆಟ್ ಹತ್ತಿರ ನಿಲ್ತಾರೆ."

ಅವನು ಬರೆದುಕೊಂಡು ಧನ್ಯವಾದ ಹೇಳಿದ. ಶುಕ್ರವಾರ ಅಪ್ಪ ಮನೆಗೆ ಬಂದರು. ಒಂದು ವಾರದೊಳಗೆ ದೇಶ ಬಿಡಬೇಕೆಂದು ಪಾಸ್‌ಪೋರ್ಟಿನಲ್ಲಿ ಮುದ್ರೆ ಒತ್ತಿದ್ದರು. ಬಿಟ್ಟು ಹೋಗುವುದಕ್ಕೆ ನಮಗೊಂದು ದೇಶವಿತ್ತು. ಚಾಚಾನನ್ನು ಎಲ್ಲಿಗೆ ಕಳಿಸುತ್ತಾರೆ? ಈ ಪ್ರಶ್ನೆ ಆ ಸೋಫಾದ ಮೇಲೆ ಕೂತಾಗಲೇ ನನಗೆ ಹೊಳೆದಿತ್ತು. ಗೊತ್ತಿಲ್ಲದೆ ಹೇಳಿದೆ ಎಂದುಕೊಳ್ಳಲು ಎಷ್ಟೋ ಸಲ ಪ್ರಯತ್ನಪಟ್ಟಿದ್ದೇನೆ, ಆಗುವುದಿಲ್ಲ.

ವಿಮಾನ ನಿಲ್ದಾಣಕ್ಕೆ ಹೊರಡುವ ದಿನ ಅಪ್ಪ ಪೆಟ್ಟಿಗೆಗಳ ಮೇಲೆ ಕೂತು ರಸ್ತೆ ನೋಡುತ್ತಿದ್ದರು. "ಮೂಸಾನ ಗಾಡಿ ಕಾಣ್ನಿಲ್ಲ ಕಣಮ್ಮಿ. ಊರ್ಗೆ ಯಾವತ್ತೋದ್ರೂ ನಾನೇ ಬುಟ್ ಬರ್ತೀನಿ ಅಂತಿದ್ದ."

"ಟ್ರಾಫಿಕ್ ಇರ್ಬೇಕಪ್ಪ."

"ಇನ್ನೊಂದ್ ಐದ್ ನಿಮಿಸ ನೋಡವ."

ಅರ್ಧ ಗಂಟೆ ಕಾದು ಟ್ಯಾಕ್ಸಿ ಹಿಡಿದೆವು. ನಂಜನಗೂಡಿಗೆ ಬಂದ ಮೇಲೆ ಅಪ್ಪ ತಿಂಗಳಿಗೊಮ್ಮೆ ಚಾಚಾನ ನಂಬರಿಗೆ ಫೋನ್ ಮಾಡುತ್ತಿದ್ದರು. ಪಕ್ಕದ ದಿನಸಿ ಅಂಗಡಿಯ ಮಲಯಾಳಿಯನ್ನು ನಾನು ಗುಟ್ಟಾಗಿ ಕೇಳಿದಾಗ, ಕೆಂಪು ಪಿಕಪ್ ಮಾರುಕಟ್ಟೆಯ ಬಳಿ ನಿಂತಲ್ಲೇ ನಿಂತಿದೆ, ಟೈರು ಚಪ್ಪಟೆಯಾಗಿವೆ ಎಂದ. ಅಪ್ಪನಿಗೆ ನಾನು ಹೇಳಲಿಲ್ಲ. ಮೂರು ವರ್ಷದ ಹಿಂದೆ ಅಪ್ಪ ಹೋದರು. ಕೊನೆಯ ಸಲ ಆಸ್ಪತ್ರೆಯಲ್ಲೂ, ಮೂಸಾಗೆ ಕಾಗದ ಬಂತಾ ಎಂದು ಕೇಳಿದರು. ಬಂತಪ್ಪ ಎಂದೆ. ಅದೊಂದು ಸುಳ್ಳಿಗೆ ನನಗೆ ಪಶ್ಚಾತ್ತಾಪವಿಲ್ಲ. ಉಳಿದದ್ದಕ್ಕಿದೆ. ಹೆಸರು ಕೊಟ್ಟದ್ದು ನಾನೇ ಎಂದು ಅಪ್ಪನಿಗೂ ಹೇಳಿರಲಿಲ್ಲ, ಸುಧಿಗೂ ಹೇಳಿಲ್ಲ.

ರಾಜಕುಮಾರನ ಕಥೆ ಎಲ್ಲಿಗೆ ಬಂತು ಎಂದು ನೀವು ಕೇಳುವುದು ಸರಿ. ಎರಡು ವರ್ಷ ಅವನು ಬದುಕಿದ್ದಾನೋ ಇಲ್ಲವೋ ಯಾರಿಗೂ ಗೊತ್ತಿರಲಿಲ್ಲ. ಮೂರನೆಯ ವರ್ಷ ಒಂದು ಫೋಟೋ ಬಂತು. ಚಿಕ್ಕಪ್ಪನ ಭುಜಕ್ಕೆ ಬಾಗಿ ಮುತ್ತಿಡುತ್ತಿದ್ದ. ಆಮೇಲೆ ಒಂದು ಸಮಿತಿ, ಆಮೇಲೆ ಒಂದು ಮಂಡಳಿ. ಈಗ ಆ ದೇಶದ ದುಡ್ಡನ್ನು ಹೊಸ ತಂತ್ರಜ್ಞಾನಕ್ಕೆ ಹಾಕುವ ಸಂಸ್ಥೆಗೆ ಅವನೇ ಅಧ್ಯಕ್ಷ. ಕಾಗದವಿಲ್ಲದವರ ಬಗ್ಗೆ ಮತ್ತೆ ಎಂದೂ ಮಾತಾಡಿಲ್ಲ. ಭುಜಕ್ಕೆ ಮುತ್ತಿಡುವ ಆ ಫೋಟೋವನ್ನು ಅಪ್ಪ ಬೆಳಕಿಗೆ ಹಿಡಿದು, ಹೈದ ಸೊರಗವ್ನೆ ಎಂದಿದ್ದರು.

ನಾನು ಸುಧಿಯನ್ನು ಮದುವೆಯಾಗಿ ಈ ದೇಶಕ್ಕೆ ಬಂದು ಇಲ್ಲೇ ಕೆಲಸಕ್ಕೆ ಸೇರಿದೆ. ಕಳೆದ ಶರತ್ಕಾಲದಲ್ಲಿ ಫ್ರೀಮಾಂಟ್‌ನ ನಮ್ಮ ಆಫೀಸಿನ ಕೆಫೆಟೇರಿಯಾದಲ್ಲಿ ಒಂದು ಪೋಸ್ಟರ್ ಅಂಟಿಸಿದ್ದರು. ಭವಿಷ್ಯ, ಯುವಜನ, ಕೃತಕ ಬುದ್ಧಿಮತ್ತೆ, ಮಧ್ಯದಲ್ಲಿ ಅವನ ಮುಖ. ನಮ್ಮ ಆಫೀಸಿಗೆ ಭಾಷಣ ಮಾಡಲು ಬರುವವನಿದ್ದ. ನನ್ನ ಸಾಂಬಾರಿನ ಡಬ್ಬಿ ಕೈಯಲ್ಲೇ ಉಳಿಯಿತು. ಭೇಟಿಗೆ ಹೆಸರು ಕೊಡುವ ಫಾರ್ಮಿನಲ್ಲಿ ಹುಟ್ಟಿದ ದೇಶ ಎಂಬ ಕಡೆ ಆ ದೇಶದ ಹೆಸರು ಬರೆದೆ. ಎರಡು ದಿನದಲ್ಲಿ ಉತ್ತರ ಬಂತು. ನಮ್ಮ ನೆಲದಲ್ಲಿ ಹುಟ್ಟಿದವರನ್ನು ಹಿಸ್ ಹೈನೆಸ್ ಪ್ರತ್ಯೇಕವಾಗಿ ಮಾತಾಡಿಸಲು ಇಚ್ಛಿಸುತ್ತಾರೆ ಎಂದಿತ್ತು. ನಮ್ಮ ನೆಲದಲ್ಲಿ ಹುಟ್ಟಿದವರು! ನಾನು ಅದನ್ನು ನಾಲ್ಕು ಸಲ ಓದಿದೆ.

ಸುಧಿಗೆ ಮೊದಲೇ ಗಾಬರಿ. "ಹಳೇದೆಲ್ಲ ಕೆದಕ್ಬೇಡ ಕಣೇ. ನಮ್ ಗ್ರೀನ್ ಕಾರ್ಡ್ ಇನ್ನೂ ಅರ್ಧ ದಾರೀಲಿದೆ. ಹೋಗು, ನೋಡು, ನಮಸ್ಕಾರ ಅನ್ನು, ಬಾ."

"ಒಬ್ರ ಬಗ್ಗೆ ವಿಚಾರಿಸ್ಬೇಕು ಅಷ್ಟೆ."

"ಯಾರ ಬಗ್ಗೆ?"

"ಅಪ್ಪನ ಫ್ರೆಂಡು."

ಅವನು ಬಂದ ದಿನ ನಾವಿರುವ ಲಿನ್‌ವುಡ್‌ನಿಂದ ರೈಲಿನಲ್ಲಿ ಕೂತು ತುಕ್ಕು ಹಿಡಿದ ಅರಬ್ಬಿಯಲ್ಲಿ ಒಂದೇ ವಾಕ್ಯವನ್ನು ಉರು ಹೊಡೆದೆ. ಮೂಸಾ ಎಂಬ ಗಾಡಿಯವರು ಏನಾದರು, ದಯವಿಟ್ಟು ತಿಳಿಸಿಕೊಡಿ. ಯು ಡಿಸ್ಟ್ರಿಕ್ಟ್‌ನಲ್ಲಿ ಇಳಿದು ಬಸ್ ಹತ್ತುವಾಗ ಅದು ಮರೆತುಹೋಗಿ, ಬಸ್ಸಿನಲ್ಲಿ ಮತ್ತೆ ಮೊದಲಿನಿಂದ ಶುರುಮಾಡಿದೆ.

ವೇದಿಕೆಯ ಮೇಲೆ ಅವನು ಚೆನ್ನಾಗಿಯೇ ಮಾತಾಡಿದ. ಮೂವತ್ತಾರಕ್ಕೇ ನೆತ್ತಿ ಬರಿದಾಗಿತ್ತು, ಕನ್ನಡಕ ಬಂದಿತ್ತು. ನೀರಿನ ಲೋಟ ಎತ್ತುವಾಗ ಎಡಗೈ ನಡುಗುತ್ತಿತ್ತು, ಅದಕ್ಕೆ ಬಲಗೈ ಆಸರೆ ಕೊಡುತ್ತಿದ್ದ. ಸಾರ್ವಜನಿಕ ಜೀವನದಿಂದ ದೂರವಿದ್ದ ಆ ವರ್ಷಗಳಲ್ಲಿ ಏನು ಮಾಡಿದಿರಿ ಎಂದು ನಮ್ಮ ಮ್ಯಾನೇಜರ್ ಕೇಳಿದಾಗ, ತುಂಬ ಓದಿದೆ ಎಂದು ನಕ್ಕ. ಎಲ್ಲರೂ ನಕ್ಕರು. ನನಗೆ ಮಾತ್ರ ಆ ನಗು ಕುರ್ಚಿಯಲ್ಲಿ ಬೆಚ್ಚಿ ಎದ್ದು ಚಪ್ಪಾಳೆ ತಟ್ಟಿದ ಹುಡುಗನದಾಗಿ ಕಂಡಿತು.

ಆಮೇಲೆ ಕಿಟಕಿಯ ಪಕ್ಕದ ಚಿಕ್ಕ ಮೇಜಿಗೆ ನನ್ನನ್ನು ಕರೆದರು. ಅವನ ಸಹಾಯಕ ಫೋನ್ ಹಿಡಿದು ಪಕ್ಕದಲ್ಲಿ ನಿಂತಿದ್ದ. ಇನ್ನೊಂದು ತುದಿಯಲ್ಲಿ ಕಂಪನಿಯ ಫೋಟೋಗ್ರಾಫರ್ ಹುಡುಗಿ ಕಾಯುತ್ತಿದ್ದಳು. ನಾನು ಅರಬ್ಬಿಯಲ್ಲಿ, ಮೀನು ಮಾರುಕಟ್ಟೆ ಹಿಂದಿನ ಫ್ರೇಮ್ ಅಂಗಡಿ ಸ್ವಾಮಿಯವರ ಮಗಳು ಎಂದೆ. ಅವನ ಮುಖದ ರಾಜಕಳೆ ಒಮ್ಮೆಲೇ ಇಳಿದುಹೋಯಿತು.

"ಸಮುದ್ರದ ಪಟಗಳು?"

"ಹೌದು."

"ನನ್ನನ್ನು ಕೂಡಿಹಾಕಿದ್ದ ಕೋಣೆಗೆ ಅವನ್ನು ತಂದು ಮೇಜಿನ ತುಂಬ ಹರಡಿದ್ದರು. ಯಾರು ಮಾಡಿಸಿದ್ದು ಹೇಳು ಅಂತ ಕೇಳಿದರು." ಅವನ ದನಿ ತಗ್ಗಿತು. "ನನಗೆ ಗೊತ್ತಿರಲಿಲ್ಲ. ಆದರೆ ಹೊರಗೆ ನನ್ನನ್ನು ಯಾರೋ ನೆನೆಸಿಕೊಂಡಿದ್ದಾರೆ ಅಂತ ಅವತ್ತು ತಿಳೀತು. ಎರಡು ವರ್ಷ ಅದೊಂದರ ಮೇಲೇ ಬದುಕಿದೆ. ನಿಮ್ಮಪ್ಪನಿಗೆ ಹೇಳಿ."

ಅದು ದಂಗೆಯಲ್ಲ, ಬೇಡವಾದ ಪಟಗಳನ್ನು ವಿಲೇವಾರಿ ಮಾಡಿದ್ದು ಎಂದು ಹೇಗೆ ಹೇಳಲಿ? ಅಪ್ಪ ತೀರಿಕೊಂಡರು ಎಂದಷ್ಟೇ ಹೇಳಿದೆ. ಒಂದೊಂದನ್ನೂ ಕಣ್ಣಿಗೆ ಒತ್ತಿಕೊಂಡಿದ್ದರು ಎಂಬುದನ್ನೂ ಹೇಳಿದೆ. ಅದಂತೂ ನಿಜ. ಆಮೇಲೆ ಉರು ಹೊಡೆದ ವಾಕ್ಯವನ್ನು ಒಪ್ಪಿಸಿದೆ.

ಅವನು ಸಹಾಯಕನ ಕಡೆ ನೋಡಿದ. ಸಹಾಯಕ ಬಗ್ಗಿ, ಫೋನಿನಲ್ಲಿ ಬೆರಳಿಟ್ಟು ಕೇಳಿದ. "ಪೂರ್ತಿ ಹೆಸರು?"

"ಮೂಸಾ."

"ತಂದೆಯ ಹೆಸರು? ಮನೆತನ?"

"ಗೊತ್ತಿಲ್ಲ."

"ಗುರುತಿನ ಚೀಟಿ ನಂಬರು?"

"ಅವರಿಗೆ ಚೀಟಿ ಇರಲಿಲ್ಲ. ಕಾಗದವಿಲ್ಲದವರು."

ಸಹಾಯಕ ಮರ್ಯಾದೆಯಿಂದಲೇ ಫೋನ್ ಇಳಿಸಿದ. "ಕ್ಷಮಿಸಿ ಮೇಡಂ. ಬರೀ ಮೂಸಾ ಅಂದ್ರೆ ನಾವು ಯಾರನ್ನ ಅಂತ ಹುಡುಕೋದು?"

ಇಪ್ಪತ್ತು ವರ್ಷ ನಮ್ಮ ಅಂಗಡಿಯಲ್ಲಿ ಕಾಫಿ ಕುಡಿದವರ ಅಪ್ಪನ ಹೆಸರು ನನಗೆ ಗೊತ್ತಿರಲಿಲ್ಲ. ಸುಧಿಯ ಮಾತು, ಗ್ರೀನ್ ಕಾರ್ಡು ಎಲ್ಲ ಮರೆತುಹೋಯಿತು.

"ನಿಮ್ಮ ಪೊಲೀಸರಿಗೆ ಅಷ್ಟೇ ಸಾಕಾಯ್ತಲ್ಲ" ಎಂದೆ.

"ಪೊಲೀಸರಿಗೆ ಹೆಸರು ಕೊಟ್ಟವರು ಯಾರು?" ಎಂದು ಸಹಾಯಕ ಕೇಳಿದ.

"ನಾನು."

ಹದಿಮೂರು ವರ್ಷದಲ್ಲಿ ಅದನ್ನು ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು. ಸಹಾಯಕ ಒಂದು ಹೆಜ್ಜೆ ಹಿಂದೆ ಸರಿದು, ಮಾತುಕತೆ ಮುಗಿಯಿತೆಂದು ಫೋಟೋಗ್ರಾಫರ್ ಹುಡುಗಿಗೆ ಕೈಸನ್ನೆ ಮಾಡಿದ. ರಾಜಕುಮಾರ ಏಳಲಿಲ್ಲ. ಎಡಗೈಯನ್ನು ಮೇಜಿನ ಕೆಳಗೆ ಇಳಿಸಿಕೊಂಡು, ನನಗೊಬ್ಬಳಿಗೇ ಕೇಳುವಷ್ಟು ಮೆತ್ತಗೆ ಹೇಳಿದ.

"ನನ್ನನ್ನೂ ಹೆಸರು ಕೇಳಿದರು. ನಾನೂ ಕೊಟ್ಟೆ. ಇಲ್ಲದಿದ್ದರೆ ಇಲ್ಲಿಗೆ ಹೇಗೆ ಬರ್ತಿದ್ದೆ?"

ಎಷ್ಟು ಹೆಸರು ಎಂದು ನಾನು ಕೇಳಲಿಲ್ಲ. ಹುಡುಗಿ ಕ್ಯಾಮೆರಾ ಎತ್ತಿ, ಇಬ್ಬರೂ ಈ ಕಡೆ ನೋಡಿ ಎಂದಳು. ಇಬ್ಬರೂ ನೋಡಿದೆವು.